ಕೊಲ್ಲದ ವಿಷ

ಗೂಲ್ ಎಂಬ ಹೆಣಬಾಕ ಪಿಶಾಚಿಯನ್ನು ನಾನು ಮೊದಮೊದಲು ದುಡ್ಡು ದಂಡ ಎಂದೇ ತಿಳಿದಿದ್ದೆ. ‘ಬ್ಯಾಟಲ್ ಫಾರ್ ವೆಸ್ನೋತ್’ ಆಟದಲ್ಲಿ ಶವಪಡೆಯ ಕಡೆಯಿಂದ ಆಡುವಾಗ ಸಿಗುವ ಪ್ರಾಣಿ ಅದು. (2003ರಲ್ಲಿ ಡೇವಿಡ್ ವೈಟ್ ಶುರುಮಾಡಿದ ಈ ಆಟ ಪುಕ್ಕಟೆ ಸಿಗುತ್ತದೆ, ನನ್ನ ಮುದಿ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.) ಗೂಲ್ ಮೂರು ಸಲ ಪರಚುತ್ತದೆ, ತಗುಲಿದ ಪ್ರತಿ ಪರಚಿಗೆ ಶತ್ರುವಿನ 4 ಎಚ್‌ಪಿ (ಜೀವಾಂಕ) ಇಳಿಯುತ್ತದೆ. ಹಗಲಾದರೆ ಅದೂ 3. ಆದರೆ ಉಗುರಿನಲ್ಲಿ ವಿಷವಿದೆ. ಒಂದು ಪರಚು ತಗುಲಿದರೂ ಸಾಕು, ಶತ್ರುವಿನ ಪ್ರತಿ ಸರದಿಯ ಆರಂಭದಲ್ಲಿ 8 ಎಚ್‌ಪಿ ಇಳಿಯುತ್ತದೆ. ಈ 8ಕ್ಕೆ ಹಗಲು ರಾತ್ರಿಯ ಹಂಗಿಲ್ಲ. ನಮ್ಮ ಪಡೆ ಮಂಕಾಗುವ ಹಗಲಲ್ಲೇ ಗೂಲ್‌ಗೆ ಬೆಲೆ ಎಂದು ಹೊಳೆಯಲು ನನಗೆ ಎಷ್ಟೋ ಸೋಲು ಬೇಕಾಯಿತು.

ದಡ್ಡತನಗಳಿಗೂ ಬರವಿರಲಿಲ್ಲ. ಒಬ್ಬನೇ ಈಟಿಗಾರನ ಮೇಲೆ ಎರಡು ಗೂಲ್ ಬಿಟ್ಟು 16 ಇಳಿಯುತ್ತದೆಂದು ಕಾದೆ, ಇಳಿದದ್ದು 8. ವಿಷದ ಮೇಲೆ ವಿಷ ಏರುವುದಿಲ್ಲ. ಹಳ್ಳಿಯಲ್ಲಿ ನಿಂತವನಿಗೆ ವಿಷ ಹಾಕಿದೆ. ಅವನ ಸರದಿ ಬರುತ್ತಲೇ ಹಳ್ಳಿ ಅದನ್ನು ತೊಳೆದುಬಿಟ್ಟಿತು. ಟ್ರೋಲ್‌ಗೆ ಹಳ್ಳಿಯೂ ಬೇಡ, ಅದರ ಮೈಯೇ ಮದ್ದು. ಇನ್ನು ಅಸ್ಥಿಪಂಜರಕ್ಕೆ ಎಂಥ ವಿಷ!

ನನ್ನನ್ನು ಹೆಚ್ಚು ಕಾಡಿದ್ದು ಬೇರೆ: ವಿಷ ಎಂದೂ ಕೊಲ್ಲುವುದಿಲ್ಲ. 1 ಎಚ್‌ಪಿಗೆ ಬಂದು ನಿಲ್ಲುತ್ತದೆ. ಹಾವು ಸಾಯಲಿಲ್ಲ, ಕೋಲು ಮುರಿಯಲಿಲ್ಲ. ಒಮ್ಮೆ ಅಂಥ ಅರೆಜೀವದವನನ್ನು ಡಾರ್ಕ್ ಅಡೆಪ್ಟ್ ಎಂಬ ಎಳೆಯ ಮಂತ್ರವಾದಿಯಿಂದ ಮುಗಿಸಿದೆ. ಮೊದಲ ಹಂತದವನೊಡನೆ ಬರೀ ಕಾದಾಡಿದರೆ 1 ಅನುಭವಾಂಕ, ಕೊಂದರೆ 8. ಅಂದಿನಿಂದ ಗೂಲ್ ಅಡುಗೆ ಮಾಡುತ್ತದೆ, ಮಂತ್ರವಾದಿ ಮರಿಗಳು ಉಣ್ಣುತ್ತವೆ.

ಆದರೂ ವಿಷದ ನಿಜವಾದ ಕೆಲಸ ಎಚ್‌ಪಿ ಇಳಿಸುವುದಲ್ಲ, ಸಾಲು ಒಡೆಯುವುದು. ವಿಷ ತಗುಲಿದವನು ಹಳ್ಳಿ ಹುಡುಕಿಕೊಂಡು ಹಿಂದಕ್ಕೆ ಓಡುತ್ತಾನೆ. ಅಲ್ಲಿ ಮೊದಲ ಸರದಿ ವಿಷ ಇಳಿಯುವುದಕ್ಕೇ ಹೋಗುತ್ತದೆ, ಎಚ್‌ಪಿ ಏರುವುದು ಆಮೇಲೆ. ಅಷ್ಟರಲ್ಲಿ ಅವನು ಬಿಟ್ಟುಹೋದ ಕಿಂಡಿಯಲ್ಲಿ ನಮ್ಮವರು ನುಗ್ಗಿರುತ್ತಾರೆ. ಹತ್ತಿರದ ಹಳ್ಳಿಯನ್ನು ನನ್ನ ಬಾವಲಿ ಮೊದಲೇ ಹಿಡಿದು ಕೂತಿದ್ದರಂತೂ ಅವನ ಪಾಡು ಕೇಳಬೇಡಿ.

ನೀವೂ ಆಡುವವರಾದರೆ ಗೂಲ್‌ಗಳನ್ನು ಜೋಡಿಯಾಗಿ ಕಳಿಸಬೇಡಿ. ಎದುರು ಪಡೆಯಲ್ಲಿ ವಿಷ ಇಳಿಸುವ ಮಂತ್ರವಾದಿ ವೈಟ್ ಮೇಜ್ ಕಂಡರೆ ಮೊದಲು ಅವನನ್ನು ಮುಗಿಸಿ. ಅವನ ಪಕ್ಕದಲ್ಲೇ ನಿಂತವರಿಗೆ ನಿಮ್ಮ ವಿಷ ಬರೀ ನೀರು.