ಟ್ಯಾಪೆಟ್ ಸದ್ದು ಮಾಡಿದರೆ ಮಾಡಲಿ

ನೋಡು ಮರಿ, ಹಳೇ ಮಾರುತಿ 800 ನಡುಗುತ್ತಾ ಬಂತು ಅಂದರೆ ಮೊದಲೇ ಕಾರ್ಬ್ಯುರೇಟರಿಗೆ ಕೈ ಹಾಕಬೇಡ. ಇರೋದೇ ಮೂರು ಸಿಲಿಂಡರು, ಒಂದು ಕೈಕೊಟ್ಟರೂ ಐಡಲಿನಲ್ಲಿ ಇಡೀ ಗಾಡಿ ಅಲುಗುತ್ತೆ. ಪ್ಲಗ್ ವೈರುಗಳನ್ನ ಒಂದೊಂದಾಗಿ ಕಿತ್ತು ನೋಡು. ಯಾವುದನ್ನ ಕಿತ್ತರೂ ಇಂಜಿನ್ನಿನ ಸದ್ದು ಬದಲಾಗಲ್ಲವೋ ಆ ಸಿಲಿಂಡರು ಕೆಲಸ ಮಾಡ್ತಿಲ್ಲ.

ಆಮೇಲೆ ಕಂಪ್ರೆಷನ್ ಗೇಜ್ ಹಾಕು. ಕಮ್ಮಿ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಸೆಲ್ಫ್ ಹೊಡಿ. ಮುಳ್ಳು ಮೇಲೇರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್, ಇಲ್ಲವೇ ಹೆಡ್ ಗ್ಯಾಸ್ಕೆಟ್. ಎರಡು ವಾಲ್ವೂ ಮುಚ್ಚಿರೋ ಹಾಗೆ ಪಿಸ್ಟನ್ ಮೇಲಕ್ಕೆ ತಂದು, ಪ್ಲಗ್ ತೂತಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿ ಕೊಡು. ಸೈಲೆನ್ಸರಿನಲ್ಲಿ ಸುಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರಿನಲ್ಲಿ ಅಂದರೆ ಇನ್‌ಲೆಟ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಸುಡೋದು ಹೆಚ್ಚಾಗಿ ಎಕ್ಸಾಸ್ಟೇ. ಇನ್‌ಲೆಟ್ಟಿಗೆ ಪ್ರತಿ ಸಲವೂ ತಣ್ಣನೆ ಗಾಳಿ ತಾಗುತ್ತೆ, ಇದರ ಪಾಲಿಗೆ ಬರೀ ಬಿಸಿ ಹೊಗೆ.

ಹೊಸ ವಾಲ್ವ್ ಹಾಕೋದು ಯಾರಿಗಾದರೂ ಬರುತ್ತೆ. ಹಳೇದು ಯಾಕೆ ಸುಟ್ಟಿತು ಅಂತ ಕೇಳೋರು ಕಮ್ಮಿ. ವಾಲ್ವ್ ತನ್ನ ಬಿಸಿಯನ್ನ ಹೆಡ್ಡಿಗೆ ದಾಟಿಸೋದು ಬಹುಮಟ್ಟಿಗೆ ಸೀಟಿನ ಮೇಲೆ ಕೂತಾಗ. ಟ್ಯಾಪೆಟ್ ಗ್ಯಾಪ್ ಸಾಲದಿದ್ದರೆ ಬಿಸಿಯಲ್ಲಿ ಹಿಗ್ಗಿದ ವಾಲ್ವಿಗೆ ಪೂರ್ತಿ ಕೂರೋಕೆ ಆಗಲ್ಲ, ಆ ಸಂದಿಯಲ್ಲಿ ಬೆಂಕಿ ನುಗ್ಗಿ ಅಂಚು ತಿನ್ನುತ್ತೆ. 'ಟಿಕ್‌ಟಿಕ್ ಅಂತಿದೆ, ನಿಲ್ಲಿಸಿ' ಅಂತ ಗಿರಾಕಿ ಹೇಳಿದ ತಕ್ಷಣ ಗ್ಯಾಪ್ ಬಿಗಿ ಮಾಡಿ ಕಾಸು ಇಸ್ಕೊಳ್ಳೋ ಮೇಸ್ತ್ರಿಗಳಿದ್ದಾರೆ. ನೀನು ಆ ಪೈಕಿ ಆಗಬೇಡ. ಲೆಕ್ಕಕ್ಕಿಂತ ಕೂದಲೆಳೆಯಷ್ಟು ಸಡಿಲ ಇದ್ದರೆ ಬರೀ ಸದ್ದು, ಬಿಗಿಯಾದರೆ ಹೆಡ್ ಇಳಿಸೋ ಖರ್ಚು. ಅದೂ ಅಲ್ಲದೆ ಸೀಟ್ ಸವೆದಂತೆ ಗ್ಯಾಪ್ ತಾನಾಗೇ ಮುಚ್ಚಿಕೊಳ್ಳುತ್ತೆ. ಎಲ್‌ಪಿಜಿ ಕಿಟ್ ಹಾಕಿಸಿದ ಗಾಡಿಯಲ್ಲಿ ಇನ್ನೂ ಬೇಗ. ಅಂಥದ್ದು ಸರ್ವಿಸಿಗೆ ಬಂದಾಗೆಲ್ಲ ಕೇಳದಿದ್ದರೂ ಫೀಲರ್ ಗೇಜ್ ಹಾಕಿ ನೋಡು. ಪೆಟ್ರೋಲ್ ಮಿಶ್ರಣ ತೀರಾ ತೆಳುವಾಗಿದೆಯಾ, ಟೈಮಿಂಗ್ ತಡವಾಗಿದೆಯಾ ಅನ್ನೋದನ್ನೂ ಬಿಡಬೇಡ.

ಹೆಡ್ ಬೋಲ್ಟುಗಳನ್ನ ಇಂಜಿನ್ ತಣ್ಣಗಾದ ಮೇಲೇ ಬಿಚ್ಚು, ಹೊರಗಿಂದ ಒಳಕ್ಕೆ. ಬಿಗಿ ಮಾಡೋದು ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚಿನಲ್ಲಿ. ಅಂಚು ಹಾರಿಹೋದ ವಾಲ್ವನ್ನ ಪೇಸ್ಟ್ ಹಾಕಿ ಉಜ್ಜಿ ಉಳಿಸೋಕೆ ಹೋಗಬೇಡ; ಹೋದ ಲೋಹ ವಾಪಸ್ ಬರಲ್ಲ. ಸೀಟಿನಲ್ಲಿ ಕುಳಿ ಬಿದ್ದಿದ್ದರೆ ಲೇತಿಗೆ ಕಳಿಸಿ ಕಟಿಂಗ್ ಮಾಡಿಸು, ಗೈಡಿನ ಆಟವನ್ನೂ ನೋಡಿಸು. ಲ್ಯಾಪಿಂಗ್ ಆದಮೇಲೆ ಬೂದುಬಣ್ಣದ ಉಂಗುರ ಎಲ್ಲೂ ತುಂಡಾಗದೆ ಸುತ್ತ ಕಾಣಬೇಕು. ಪೇಸ್ಟಿನ ಒಂದು ಕಣವೂ ಉಳಿಯದ ಹಾಗೆ ತೊಳಿ. ಸ್ಪ್ರಿಂಗ್ ಹಾಕಿ, ಹೆಡ್ ಮಗುಚಿಟ್ಟು, ಚೇಂಬರಿಗೆ ಸೀಮೆಎಣ್ಣೆ ಹುಯ್ಯಿ. ಪೋರ್ಟಿನಲ್ಲಿ ತೇವ ಕಂಡರೆ ಮತ್ತೆ ಬಿಚ್ಚು, ಬೇಜಾರು ಮಾಡ್ಕೋಬೇಡ.

ಕೊನೆಗೆ ಮ್ಯಾನುಯಲ್ಲಿನಲ್ಲಿ ಕೊಟ್ಟಷ್ಟೇ ಗ್ಯಾಪ್ ಇಡು. ಸ್ವಲ್ಪ ದಿನ ಓಡಿಸಿ ಮತ್ತೆ ತರೋಕೆ ಹೇಳು, ಹೊಸ ವಾಲ್ವ್ ಸೀಟಿಗೆ ಕೂತ ಮೇಲೆ ಗ್ಯಾಪ್ ಬದಲಾಗಿರುತ್ತೆ. ಆ ಸಲದ ಕೆಲಸಕ್ಕೆ ದುಡ್ಡು ತಗೋಬೇಡ.