ಮೇನೊಂಗ್‌ಗೆ ಒಂದು ರಾತ್ರಿಯಾದರೂ ಕೊಡಿ

ತೈವಾನ್‌ಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ತೈಪೆ, ಸನ್ ಮೂನ್ ಸರೋವರ, ಅಲಿಶಾನ್ ಬೆಟ್ಟ ತಪ್ಪದೆ ಇರುತ್ತವೆ. ದಕ್ಷಿಣದ ಮೇನೊಂಗ್ ಇರುವುದು ಅಪರೂಪ. ಬೆಟ್ಟಗಳ ಬುಡದ ಈ ಬಯಲಿಗೆ ಹಕ್ಕಾ ಜನ ಬಂದು ನೆಲೆ ನಿಂತದ್ದು 1736ರಲ್ಲಿ. ಇಂದಿಗೂ ಇಲ್ಲಿ ಹೆಚ್ಚಿನವರು ಅವರೇ. 2010ರ ಡಿಸೆಂಬರ್‌ನಲ್ಲಿ ಇದು ಕಾವೊಸ್ಯುಂಗ್ ಮಹಾನಗರಕ್ಕೆ ಸೇರಿತು. ಹೆಸರಿಗೆ ನಗರ, ಕಣ್ಣಿಗೆ ಕಾಣುವುದು ಗದ್ದೆ, ಕಾಲುವೆ, ಕೊಳ. ಪ್ರವಾಸಿ ಬಸ್ಸುಗಳು ಜನರನ್ನು ಎರಡು ಗಂಟೆ ಇಳಿಸಿ, ಒಂದು ಬಟ್ಟಲು ನೂಡಲ್ಸ್ ತಿನ್ನಿಸಿ, ಒಂದು ಎಣ್ಣೆಕಾಗದದ ಕೊಡೆ ಕೊಡಿಸಿ ಹೊರಟುಬಿಡುತ್ತವೆ. ಹಾಗೆ ನೋಡಿದರೆ ಈ ಊರು ಸಿಗುವುದಿಲ್ಲ. ಒಂದು ರಾತ್ರಿ ತಂಗಿ, ಸೈಕಲ್ ಹಿಡಿದು ಸುತ್ತಬೇಕು.

ಮೊದಲು ತಿಂಗಳು ಆರಿಸಿ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆ ಕಡಿಮೆ, ಬಿಸಿಲು ಹದ. ವರ್ಷದ ಕೊನೆಯಲ್ಲಿ ಬೆರಳುದ್ದದ ಎಳೆ ಬಿಳಿ ಮೂಲಂಗಿಯ ಸುಗ್ಗಿ; ಗದ್ದೆಗಿಳಿದು ನೀವೇ ಕಿತ್ತುಕೊಳ್ಳಲು ರೈತರು ಬಿಡುತ್ತಾರೆ. ಹತ್ತಿರದ ಕಣಿವೆಯ ಚಿಟ್ಟೆಗಳೇ ಬೇಕೆಂದರೆ ಮೇ-ಜುಲೈ. ಆಗ ಸೆಕೆ ವಿಪರೀತ, ಚಂಡಮಾರುತದ ಭಯವೂ ಉಂಟು. ಪ್ರಯಾಣದ ದಿನಾಂಕದಲ್ಲಿ ಒಂದೆರಡು ದಿನ ಸಡಿಲ ಇಟ್ಟುಕೊಳ್ಳಿ.

ವೀಸಾಕ್ಕೆ ದಕ್ಷಿಣ ಭಾರತದವರಿಗೆ ಚೆನ್ನೈನಲ್ಲಿರುವ ತೈವಾನ್ ಕಚೇರಿ ಹತ್ತಿರ. ಅಮೆರಿಕ, ಷೆಂಗೆನ್, ಜಪಾನ್ ಮುಂತಾದ ವೀಸಾ ಇರುವ ಭಾರತೀಯರಿಗೆ ಆನ್‌ಲೈನ್ ಅನುಮತಿ ಪತ್ರದ ಸೌಲಭ್ಯವೂ ಇದೆ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ.

ತಲುಪುವುದು

ತೈಪೆಯಿಂದ ಅತಿವೇಗದ ರೈಲು ಹತ್ತಿ ಕೊನೆಯ ನಿಲ್ದಾಣ ಜುವೊಯಿಂಗ್‌ನಲ್ಲಿ ಇಳಿಯಿರಿ. ಒಂದೂವರೆಯಿಂದ ಎರಡು ಗಂಟೆಯ ದಾರಿ. ಮೇನೊಂಗ್‌ಗೆ ರೈಲಿಲ್ಲ. ಅಲ್ಲಿಂದ ಚಿಶಾನ್ ಪಟ್ಟಣದ ಮೇಲೆ ಬಸ್ಸು. ಈಸಿಕಾರ್ಡ್ ಅಥವಾ ಐಪಾಸ್ ಎಂಬ ಪ್ರಯಾಣ ಕಾರ್ಡಿನಲ್ಲಿ ಮೊದಲೇ ಹಣ ತುಂಬಿಸಿಕೊಂಡರೆ ಚಿಲ್ಲರೆಯ ತಾಪತ್ರಯವಿಲ್ಲ. ಚಿಶಾನ್ ಬಾಳೆಹಣ್ಣಿನ ಊರು, ಸಮಯವಿದ್ದರೆ ಇಳಿದು ಹಳೆ ಬೀದಿಯಲ್ಲಿ ಅಡ್ಡಾಡಿ ಮುಂದಿನ ಬಸ್ಸು ಹಿಡಿಯಬಹುದು.

ಬೆಳಗ್ಗೆ: ನೀರಿನ ಜಾಡು ಹಿಡಿಯಿರಿ

ಸೈಕಲ್ ಬಾಡಿಗೆಗೆ ಸಿಗುತ್ತದೆ. ಬಿಸಿಲೇರುವ ಮುನ್ನ ಊರಿನ ಪೂರ್ವ ದ್ವಾರದಿಂದ ಹೊರಡಿ. 1755ರಲ್ಲಿ ಮೊದಲು ಕಟ್ಟಿದ ಈ ದ್ವಾರ ಜಪಾನೀಯರು ಬಂದಾಗ ನಾಶವಾಗಿ 1937ರಲ್ಲಿ ಮತ್ತೆ ಎದ್ದು ನಿಂತಿತು. ಅಲ್ಲಿಂದ ಯೋಂಗಾನ್ ಬೀದಿ ಹಿಡಿಯಿರಿ. ಊರಿನ ಅತಿ ಹಳೆಯ ಬೀದಿಯಿದು. ಹಕ್ಕಾ ಹೆಂಗಸರು ತೊಡುತ್ತಿದ್ದ ನೀಲಿ ನಿಲುವಂಗಿ ಹೊಲಿದುಕೊಡುವ ಹಳೆ ಅಂಗಡಿ ಇಲ್ಲಿದೆ. ದಾರಿಯಲ್ಲಿ ಕೆಂಪು ಇಟ್ಟಿಗೆಯ ಪುಟ್ಟ ಗೋಪುರವೊಂದು ಕಾಣುತ್ತದೆ. ಗುಡಿಯೆಂದುಕೊಂಡು ಮುಂದೆ ಹೋಗಬೇಡಿ. ಅಕ್ಷರ ಬರೆದ ಕಾಗದವನ್ನು ಕಸಕ್ಕೆ ಹಾಕದೆ ಗೌರವದಿಂದ ಸುಡಲು ಕಟ್ಟಿದ ಒಲೆ ಅದು. ಚಾಂದ್ರಮಾನ ಹೊಸವರ್ಷದ ಒಂಬತ್ತನೆಯ ದಿನ ಆ ಬೂದಿಯನ್ನು ಮೆರವಣಿಗೆಯಲ್ಲಿ ಒಯ್ದು ನದಿಗೆ ಬಿಡುವ ಆಚರಣೆ ಈಗಲೂ ಉಳಿದಿದೆ. ಆ ಹೊತ್ತಿಗೆ ಅಲ್ಲಿದ್ದರೆ ತಪ್ಪಿಸಿಕೊಳ್ಳಬೇಡಿ.

ಮುಂದೆ ನೀರಿನ ಸೇತುವೆ. ಕೆಳಗೆ ಮೇನೊಂಗ್ ನದಿ, ಮೇಲೆ ಕಾಲುವೆ. ಜಪಾನೀ ಆಡಳಿತದಲ್ಲಿ, 1909ರ ಸುಮಾರಿಗೆ, ಝುಝಿಮೆನ್ ಜಲವಿದ್ಯುತ್ ಕೇಂದ್ರ ತಲೆಯೆತ್ತಿತು. ಯಂತ್ರ ತಿರುಗಿಸಿ ಹೊರಬಿದ್ದ ನೀರನ್ನೇ ಈ ಕಾಲುವೆಗೆ ಬಿಟ್ಟದ್ದರಿಂದ ಈ ಬಯಲು ಗದ್ದೆಯಾಯಿತು. ಗದ್ದೆಗಳ ನಡುವೆ ಎತ್ತರದ ಗಾಳಿಕಿಂಡಿಯ ಮಾಡು ಹೊತ್ತ ಮಣ್ಣುಗೋಡೆಯ ಕಟ್ಟಡಗಳು ಕಂಡರೆ ನಿಲ್ಲಿ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಅವೇನೆಂದು ಹೇಳಬೇಕಿಲ್ಲ: ಎಲೆ ಹದಗೊಳಿಸುವ ತಂಬಾಕು ಬ್ಯಾರನ್‌ಗಳು. 2002ರಲ್ಲಿ ತೈವಾನ್ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ ಮೇಲೆ ತಂಬಾಕು ಬೇಸಾಯ ಬಹುಬೇಗ ಕುಗ್ಗಿತು. ಕೆಲವು ಬ್ಯಾರನ್‌ಗಳು ಕುಸಿದಿವೆ, ಕೆಲವನ್ನು ಜನ ಪ್ರೀತಿಯಿಂದ ಉಳಿಸಿಕೊಂಡಿದ್ದಾರೆ. ಊರಿನ ಸರೋವರಕ್ಕೆ ಒಂದು ಸುತ್ತು ಹಾಕಿ ಊಟಕ್ಕೆ ಮರಳಿ.

ಊಟ

ಬಾನ್ ತಿಯಾವ್ ಇಲ್ಲಿನ ಮುಖ್ಯ ತಿನಿಸು. ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ತೆಳ್ಳಗೆ ಹುಯ್ದು ಹಬೆಯಲ್ಲಿ ಬೇಯಿಸಿ, ಆ ಹಾಳೆಯನ್ನು ಅಗಲ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಸಾರಿನಲ್ಲೂ ಸಿಗುತ್ತದೆ, ಒಣದಾಗಿಯೂ ಸಿಗುತ್ತದೆ. ಮೊದಲ ಸಲ ಒಣದನ್ನೇ ಕೇಳಿ. ಹುರಿದ ಸಣ್ಣ ಈರುಳ್ಳಿಯ ಪರಿಮಳ, ಪಟ್ಟಿಯ ಮೆದುತನ ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ.

ಜೊತೆಗೆ ಯೇಲಿಯೆನ್ ಹೇಳಲೇಬೇಕು. ನೀರಿನ ಮೇಲೆ ಎಲೆ ತೇಲಿಸುವ ಗಿಡದ ಉದ್ದನೆಯ ದಂಟು ಇದು. ಹಿಂದೆ ಸರೋವರದಲ್ಲಿ ತಾನೇ ಬೆಳೆಯುತ್ತಿತ್ತು, ಈಗ ಕೊಳಗಳಲ್ಲಿ ಬೆಳೆಸುತ್ತಾರೆ. ಎದೆಮಟ್ಟ ನೀರಿನಲ್ಲಿ ನಿಂತು ಕೀಳುವ, ಚಳಿಯಲ್ಲೂ ನಿಲ್ಲದ ಕೆಲಸ. ಶುಂಠಿ, ಹುದುಗಿಸಿದ ಸೋಯಾ ಕಾಳಿನೊಂದಿಗೆ ಜೋರು ಉರಿಯಲ್ಲಿ ಕ್ಷಣಮಾತ್ರ ಬಾಡಿಸಿದ ಆ ದಂಟು ಹಲ್ಲಿಗೆ ಕರಕರ ಎನ್ನುತ್ತದೆ. ಊರಿನ ಊಟದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಇದೇ. ಮಾಂಸ ತಿನ್ನುವವರು ಸೋಯಾ ಸಾರಿನಲ್ಲಿ ನಿಧಾನಕ್ಕೆ ಬೆಂದ ಹಂದಿಮಾಂಸ, ಹಳೆ ಒಣ ಮೂಲಂಗಿ ಹಾಕಿದ ಕೋಳಿ ಸಾರು ಕೇಳಬಹುದು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ತಟ್ಟೆಯಲ್ಲಿ ಮಾಂಸ ಕಾಣದಿದ್ದರೂ ಹಂದಿ ಕೊಬ್ಬು, ಮೂಳೆ ಸಾರು ಇರುವ ಸಾಧ್ಯತೆ ಹೆಚ್ಚು. ‘ಮಾಂಸ, ಮೂಳೆ ಸಾರು, ಹಂದಿ ಕೊಬ್ಬು, ಮೀನು ಬೇಡ’ ಎಂಬುದನ್ನು ಚೀನೀ ಭಾಷೆಯಲ್ಲಿ ಮೊದಲೇ ಬರೆಸಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ. ಬೌದ್ಧ ಸಂಪ್ರದಾಯದ ಸಸ್ಯಾಹಾರಿ ಊಟದ ಮನೆಗಳು ತೈವಾನಿನ ಬಹುತೇಕ ಊರುಗಳಲ್ಲಿ ಇವೆ. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಸಾಮಾನ್ಯವಾಗಿ ಹಾಕುವುದಿಲ್ಲ. ಸಣ್ಣ ಅಂಗಡಿಗಳು ಬೇಗ ಬಾಗಿಲು ಹಾಕುತ್ತವೆ, ರಾತ್ರಿ ಊಟ ತಡ ಮಾಡಬೇಡಿ.

ಎರಡನೆಯ ದಿನ: ಹಳದಿ ಚಿಟ್ಟೆಯ ಕಣಿವೆ

ಈಶಾನ್ಯದ ಶುವಾಂಗ್‌ಶಿ ಕಣಿವೆಯಲ್ಲಿ ಜಪಾನೀಯರು ಮರಮಟ್ಟಿಗಾಗಿ ಹೊರದೇಶದ ಗಿಡಗಳನ್ನು ನೆಟ್ಟರು. ನಮ್ಮ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಸೀಮೆ ತಂಗಡಿಯೂ ಅವುಗಳಲ್ಲಿ ಒಂದು. ಅದರ ಎಲೆ ತಿಂದು ಬೆಳೆಯುವ ಚಿಟ್ಟೆಗಳು ಮರಗಳ ಜೊತೆಗೇ ಹೆಚ್ಚಿದವು. 1990ರ ದಶಕದಲ್ಲಿ ಇಲ್ಲಿ ಅಣೆಕಟ್ಟಿನ ಯೋಜನೆ ಬಂತು. ಊರಿನವರು 1994ರಲ್ಲಿ ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿದರು. ಹಕ್ಕಾ ಹಾಡುಗಾರರ ತಂಡವೊಂದು 1999ರಲ್ಲಿ ತಂಬಾಕು ಬ್ಯಾರನ್‌ನಲ್ಲೇ ಧ್ವನಿಮುದ್ರಿಸಿ ಹೋರಾಟದ ಹಾಡುಗಳ ಆಲ್ಬಂ ತಂದಿತು. 2000ದಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ನೀವು ನಡೆಯುವ ದಾರಿ ನೀರಿನಡಿ ಹೋಗದೆ ಉಳಿದದ್ದು ಆ ಜನರಿಂದ. ಇದು ತಿಳಿದು ನಡೆದರೆ ಚಿಟ್ಟೆ ಕಡಿಮೆಯಿರುವ ತಿಂಗಳಲ್ಲೂ ಕಣಿವೆ ಬರಿದೆನಿಸದು.

ಅದೇ ದಿಕ್ಕಿನಲ್ಲಿ ಲಿಶಾನ್ ಬೆಟ್ಟದ ಬುಡಕ್ಕೆ ಕಾದಂಬರಿಕಾರ ಚುಂಗ್ ಲಿ-ಹೊ (1915–1960) ಅವರ ಸ್ಮಾರಕ ಭವನ. ಕ್ಷಯದಿಂದ ನರಳುತ್ತ, ಕಥೆಯೊಂದನ್ನು ತಿದ್ದುತ್ತಿದ್ದಾಗಲೇ ಅವರು ತೀರಿಕೊಂಡರು. ಸಾಹಿತ್ಯದ ಮೇಲೆ ಒಲವಿರುವವರು ಒಂದು ಗಂಟೆ ಮೀಸಲಿಡಿ.

ಹೊರಡುವ ಮುನ್ನ

ಎಣ್ಣೆಕಾಗದದ ಕೊಡೆ ಕೊಳ್ಳುವಿರಾದರೆ ತಯಾರಿಸುವ ಜಾಗಕ್ಕೇ ಹೋಗಿ. ಬಿದಿರಿನ ಕಡ್ಡಿ ಸೀಳುವುದು, ಕಾಗದ ಅಂಟಿಸುವುದು, ಚಿತ್ರ ಬರೆದು ಟಂಗ್ ಎಣ್ಣೆ ಬಳಿಯುವುದನ್ನು ಕಣ್ಣಾರೆ ನೋಡಿದರೆ ಬೆಲೆ ಹೆಚ್ಚೆನಿಸುವುದಿಲ್ಲ. ತೆರೆದು, ಮಡಚಿ ನೋಡಿ. ಕಡ್ಡಿಗಳ ಅಂತರ ಸಮವಾಗಿರಲಿ. ರಟ್ಟಿನ ಕೊಳವೆಯಲ್ಲಿ ಕಟ್ಟಿಕೊಡಲು ಹೇಳಿ, ವಿಮಾನದಲ್ಲಿ ಕೈಚೀಲದ ಬದಲು ದೊಡ್ಡ ಪೆಟ್ಟಿಗೆಯ ಜೊತೆ ಕಳುಹಿಸಿ. ಸಂಜೆ ಬಸ್ಸುಗಳು ವಿರಳ. ಕೊನೆಯ ಬಸ್ಸಿನ ವೇಳೆಯನ್ನು ಬಂದಿಳಿದ ದಿನವೇ ನಿಲ್ದಾಣದ ಫಲಕದಲ್ಲಿ ನೋಡಿ ಬರೆದಿಟ್ಟುಕೊಳ್ಳಿ.