ಒಂದೇ ಬಣ್ಣದ ಅಂಗಿ ತೊಡುವ ಮುನ್ನ

ಮನೆಮಂದಿಯೆಲ್ಲ ಒಂದೇ ಬಗೆಯ ಟೀ ಶರ್ಟ್ ತೊಟ್ಟು ಪ್ರವಾಸ ಹೊರಡುವುದು ನನಗೆ ಬಹಳ ಇಷ್ಟ. ಫೋಟೊ ಚೆನ್ನಾಗಿ ಬರುತ್ತದೆ ಎಂದಷ್ಟೇ ಅಲ್ಲ, ದಸರಾ ಹೊತ್ತಿನಲ್ಲಿ ಮೈಸೂರು ಅರಮನೆಯ ಸುತ್ತಲಿನ ಜನಜಂಗುಳಿಯಲ್ಲಿ ಕಡು ಹಳದಿ ಅಂಗಿಯ ಮಗುವನ್ನು ದೂರದಿಂದಲೇ ಗುರುತಿಸಬಹುದು. ಆದರೆ ಮಗುವಿನ ಹೆಸರನ್ನು ಮಾತ್ರ ಬೆನ್ನ ಮೇಲೆ ಅಚ್ಚು ಹಾಕಿಸಬೇಡಿ. ಹೆಸರು ಹಿಡಿದು ಕರೆದವರನ್ನು ಮಕ್ಕಳು ಬೇಗ ನಂಬಿಬಿಡುತ್ತಾರೆ. ನಿಮ್ಮ ಮೊಬೈಲ್ ಸಂಖ್ಯೆಯನ್ನು ಅಂಗಿಯ ಒಳಮಗ್ಗುಲಲ್ಲಿ ಬರೆದರೆ ಸಾಕು.

ಬಟ್ಟೆ ಆರಿಸುವಾಗ ಹೋಗುವ ಊರು ಯಾವುದೆಂದು ನೋಡಿ. ಗೋಕರ್ಣ, ಮುರುಡೇಶ್ವರದ ಸೆಕೆಗೆ ಪಾಲಿಯೆಸ್ಟರ್ ಮೈಗೆ ಅಂಟಿಕೊಳ್ಳುತ್ತದೆ, ಹತ್ತಿಯದೇ ಇರಲಿ. ಮಳೆಗಾಲದ ಆಗುಂಬೆಯಲ್ಲಿ ಹತ್ತಿ ಬೇಗ ಒಣಗದು, ಇನ್ನೊಂದು ಜೊತೆ ಬೇಕು. ಗಾಢ ಬಣ್ಣದ ಹೊಸ ಅಂಗಿಗಳನ್ನು ಹೊರಡುವ ಮೊದಲೇ ಬೇರೆಯಾಗಿ ಒಗೆದಿಡಿ. ದಾರಿಯಲ್ಲಿ ದೇವಸ್ಥಾನವಿದ್ದರೆ ಅಲ್ಲಿನ ನಿಯಮ ಕೇಳಿಕೊಳ್ಳಿ. ಉಡುಪಿ ಕೃಷ್ಣಮಠದಲ್ಲಿ ಗಂಡಸರು ಅಂಗಿ ಬಿಚ್ಚಿಯೇ ದರ್ಶನ ಪಡೆಯಬೇಕು.

ಹೊಸದಾಗಿ ಮದುವೆಯಾದವರು ತದ್ರೂಪು ಬಟ್ಟೆಯನ್ನೇ ತೊಡಬೇಕೆಂದಿಲ್ಲ. ಅವಳ ಕುರ್ತಿಯ ಬಣ್ಣ ಅವನ ಚೌಕಳಿ ಅಂಗಿಯಲ್ಲಿ ಇಣುಕಿದರೂ ಚೆಂದವೇ.

ಇನ್ನು ಅಜ್ಜಿ. ಜೀವಮಾನವಿಡೀ ಸೀರೆ ಉಟ್ಟವರಿಗೆ “ಇವತ್ತೊಂದಿನ ಹಾಕ್ಕೊಳ್ಳಿ ಅಜ್ಜೀ” ಎಂದು ಟೀ ಶರ್ಟ್ ಹಿಡಿದು ಪೀಡಿಸಬೇಡಿ. ಅದೇ ಬಣ್ಣದ ಇಳಕಲ್ ಸೀರೆ ಕೊಡಿಸಿ, ನಡುವೆ ಕೂರಿಸಿಕೊಳ್ಳಿ. ಮೈತೂಕ ಹೆಚ್ಚಿರುವ ಅತ್ತೆ, ಅತ್ತಿಗೆಯರ ಅಳತೆಯನ್ನೂ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೆದುರು ಕೇಳದೆ, ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿ.